ಊರಿಲ್ಲದ ಜೋಗುಳ

ವರದಾ ನದಿಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿನ ಗುರುಗಳಾದ ಋತಾನಂದರು ಸುತ್ತಲ ತಾಯಂದಿರ ಬಾಯಿಂದ ಜೋಗುಳಗಳನ್ನು ಸಂಗ್ರಹಿಸಿದ್ದರು. ಅವನ್ನು ಪುಸ್ತಕಕ್ಕೆ ಅಣಿಗೊಳಿಸುವ ಹೊಣೆ ಶಿಷ್ಯೆ ಕುಮುದಿನಿಯದು.

ಆಕೆ ಹಾಡುಗಳನ್ನೆಲ್ಲ ಕಂಪ್ಯೂಟರಿನಲ್ಲಿ, ಒಂದೊಂದಕ್ಕೂ ಗುರುತು ಹಚ್ಚಬಹುದಾದ ಎಕ್ಸ್‌ಎಂಎಲ್ ಕಡತವಾಗಿಸಿದಳು. ಹಾಡುಗಳಿಗೆ ಹಾಡಿದವರ ಊರನ್ನು ಗುರುತಾಗಿ ಹಚ್ಚಿದಳು. ಬಳಿಕ ಯಂತ್ರ ಪಾಲಿಸಬೇಕಾದ ನಿಯಮವನ್ನು ಒಂದು ಸ್ಟೈಲ್‌ಶೀಟ್ ಆಗಿ ಬರೆದಳು. ಒಂದೇ ಊರಿನ ಹಾಡುಗಳನ್ನು ಒಂದೆಡೆ ಕೂಡಿಸುವುದು ಅದರ ಕೆಲಸ.

ಪುಸ್ತಕ ಮರುದಿನ ಅಚ್ಚಿಗೆ ಹೋಗಬೇಕಿತ್ತು. ಹಾಡಿದವರೆಲ್ಲ ಅಂದು ಆಶ್ರಮಕ್ಕೆ ಊಟಕ್ಕೆ ಬಂದಿದ್ದರು.

“ನೋಡಿ ಗುರುಗಳೇ,” ಎಂದಳು ಕುಮುದಿನಿ. “ಚೆಲ್ಲಾಪಿಲ್ಲಿಯಾಗಿದ್ದ ಹಾಡುಗಳು ಈಗ ಊರೂರಾಗಿ ಕುಳಿತಿವೆ. ಯಂತ್ರ ಒಂದು ದೋಷವನ್ನೂ ತೋರಿಸಲಿಲ್ಲ.”

ಗುರುಗಳು ಮೆಲ್ಲನೆ ಕೊನೆಯವರೆಗೂ ಓದಿದರು.

“ದುರುಗವ್ವನ ಹಾಡೆಲ್ಲಿ, ತಾಯಿ?”

ಕುಮುದಿನಿ ಹುಡುಕಿದಳು. ಮೂಲ ಕಡತದಲ್ಲಿ ಹಾಡಿತ್ತು. ಗುಂಪುಗಳಲ್ಲಿ ಇರಲಿಲ್ಲ.

ದುರುಗವ್ವ ಸೂಜಿ, ಮಣಿ ಮಾರುತ್ತ ಬಾಳೆಲ್ಲ ಅಲೆದವಳು. ದಾರಿಯಲ್ಲೇ ಹುಟ್ಟಿ ದಾರಿಯಲ್ಲೇ ತೀರಿಕೊಂಡ ಮಗಳಿಗಾಗಿ ಆ ಜೋಗುಳ ಕಟ್ಟಿದ್ದಳು. ಮಗುವನ್ನು ಮಣ್ಣು ಮಾಡಿದ ಜಾಗದ ಗುರುತೂ ಈಗ ಇಲ್ಲ. ಉಳಿದದ್ದು ಹಾಡೊಂದೇ.

“ಊರು ಯಾವುದೆಂದು ಕೇಳಿದ್ದೆ, ಗುರುಗಳೇ. ‘ನೀರು ಕುಡದ ಊರೆಲ್ಲಾ ನಂದ, ಯಾವುದು ಬರೀತಿ?’ ಎಂದು ನಕ್ಕುಬಿಟ್ಟರು. ನಾನು ಏನನ್ನೂ ಬರೆಯಲಿಲ್ಲ. ಊರಿಲ್ಲದ ಹಾಡನ್ನು ಸ್ಟೈಲ್‌ಶೀಟ್ ಯಾವ ಗುಂಪಿಗೂ ಸೇರಿಸದೆ ಕೈಬಿಟ್ಟಿದೆ.”

“ಆದರೂ ದೋಷ ತೋರಿಸಲಿಲ್ಲ?”

“ಅದರ ಪಾಲಿಗೆ ಅದು ದೋಷವಲ್ಲ.” ಕುಮುದಿನಿಯ ದನಿ ತಗ್ಗಿತು. “ಹತ್ತಿರದ ಯಾವುದಾದರೂ ಊರಿನ ಹೆಸರು ಬರೆದುಬಿಡಲೇ? ಕ್ಷಣದಲ್ಲಿ ಸರಿಹೋಗುತ್ತದೆ.”

ಗುರುಗಳು ಎದ್ದರು. “ಊಟದ ಹೊತ್ತಾಯಿತು. ನಿನ್ನ ನಿಯಮದಂತೆಯೇ ಎಲ್ಲರನ್ನೂ ಕೂಡಿಸು, ಬಾ.”

ಊಟದ ಹಜಾರದಲ್ಲಿ ಕುಮುದಿನಿ ಎದುರಿಗೆ ಸಿಕ್ಕವಳ ಊರು ಕೇಳಿದಳು. ಆ ಊರಿನವರನ್ನೆಲ್ಲ ಒಂದು ಸಾಲಿಗೆ ಕರೆದಳು. ಆಮೇಲೆ ಮತ್ತೊಂದು ಊರು, ಮತ್ತೊಂದು ಸಾಲು.

“ನಮ್ಮೂರ ಸಾಲಿಗೇ ಮೊದಲು ಪಾಯಸ ಬರಲಿ!” ಎಂದು ಯಾರೋ ಕೂಗಿದರು.

“ನಿಮ್ಮೂರಿಗೆ ಹಾಡಿಗಿಂತ ಬಾಯಿ ಜೋರು!” ಎಂದಿತು ಎದುರು ಸಾಲು.

ಎಲ್ಲರೂ ಕುಳಿತರು. ದುರುಗವ್ವ ಮಾತ್ರ ಕಂಬಕ್ಕೊರಗಿ ನಿಂತಿದ್ದಳು.

“ಏನವ್ವಾ, ನನ್ನೂ ಕಂಬ ಅಂತ ತಿಳಕೊಂಡಿ? ಈ ಕಂಬಕ್ಕ ಹಸಿವಾಗೈತಿ.”

ಹೆಂಗಸರು ನಕ್ಕರು. ಕುಮುದಿನಿಗೆ ನಗಲಾಗಲಿಲ್ಲ.

“ಈ ಸಾಲಿನ ತುದಿಗೆ ಕೂಡಿರಿ, ಅಜ್ಜಿ. ನಿಮ್ಮ ಹಾಡನ್ನೂ ಇದೇ ಊರಿನ ಹೆಸರಿನಲ್ಲಿ ಬರೆಯಲೇ?”

“ಊಟಕ್ಕ ಎಲ್ಲಿ ಕುಂತರೇನು? ಕೂಡತೀನಿ. ಹಾಡಿಗೆ ಬ್ಯಾಡವ್ವ.” ದುರುಗವ್ವ ಸೆರಗನ್ನು ಬಿಗಿಹಿಡಿದಳು. “ನನ್ನ ಕೂಸು ಆ ಊರು ನೋಡೇ ಇಲ್ಲ.”

ಅಷ್ಟರಲ್ಲಿ ಗುರುಗಳು ಬಂದು ಆ ಕಂಬದ ಬುಡದಲ್ಲಿ, ಬರಿ ನೆಲದ ಮೇಲೆ ಕುಳಿತರು.

“ಅಲ್ಲೇಕೆ ಗುರುಗಳೇ? ನಿಮ್ಮ ಸಾಲು... ನಿಮ್ಮ ಊರು...”

ಕುಮುದಿನಿಯ ಮಾತು ಅಲ್ಲಿಗೇ ನಿಂತಿತು. ಸಂನ್ಯಾಸ ಪಡೆದ ದಿನವೇ ಅವರು ತಮ್ಮ ಊರಿನ ಹೆಸರನ್ನು ನದಿಗೆ ಬಿಟ್ಟಿದ್ದರು.

“ನಿನ್ನ ನಿಯಮ ನನ್ನನ್ನೂ ಕೈಬಿಟ್ಟಿತಲ್ಲ, ತಾಯಿ,” ಎಂದು ಗುರುಗಳು ನಕ್ಕರು.

ಕುಮುದಿನಿಯ ಕಣ್ಣು ತುಂಬಿತು.

“ನಿಯಮವನ್ನು ಈ ದಿನವೇ ತಿದ್ದುತ್ತೇನೆ, ಗುರುಗಳೇ. ಊರು ಬರೆಯದ ಹಾಡುಗಳೂ ಒಂದು ಗುಂಪಾಗಿ ಪುಸ್ತಕದಲ್ಲಿ ಬರುತ್ತವೆ. ಅಜ್ಜಿಯ ಹಾಡು ಬಿಟ್ಟುಹೋಗುವುದಿಲ್ಲ. ಆದರೆ ಆ ಗುಂಪಿಗೆ ಏನೆಂದು ಹೆಸರಿಡಲಿ?”

ಗುರುಗಳು ತಮ್ಮ ಪಕ್ಕದ ನೆಲವನ್ನು ಅಂಗೈಯಿಂದ ಒರೆಸಿ ದುರುಗವ್ವನಿಗೆ ಜಾಗ ಮಾಡಿದರು.

“ಮೊದಲು ಎಲೆ ಹಾಕು, ತಾಯಿ. ಉಂಡ ಮೇಲೆ ಹೆಸರೇನೆಂದು ದುರುಗವ್ವನನ್ನೇ ಕೇಳೋಣ.”