ಊಟದಿಂದ ಎದ್ದ ವೈದ್ಯ

ದೊಡ್ಡ ವೈದ್ಯಶಾಲೆಯೊಂದರ ಹೊಣೆ ಹೊತ್ತಿದ್ದ ಶಿಷ್ಯ ಗುರುಗಳನ್ನು ಕೇಳಿದ: "ಗುರುಗಳೇ, ಏಳು ವರ್ಷದ ವೈದ್ಯವಿದ್ಯೆಯನ್ನು ನಾಲ್ಕೇ ವರ್ಷದಲ್ಲಿ ಮುಗಿಸಿದವರು ನಮ್ಮಲ್ಲಿ ಪಳಗಲು ಬರುತ್ತಿದ್ದಾರೆ. ಅವರನ್ನು ಹೇಗೆ ಅಳೆಯಲಿ?"

ಗುರುಗಳು ಈ ಕತೆ ಹೇಳಿದರು.

ಒಂದು ನಾಡಿಗೆ ಪಿಡುಗು ಬಂದು ವೈದ್ಯರು ಸಾಲದೆ ಹೋದರು. ಅರಸ ಏಳು ವರ್ಷದ ಓದನ್ನು ನಾಲ್ಕಕ್ಕೆ ಇಳಿಸಿದ. ಹಾಗೆ ಓದಿದ ಒಬ್ಬ ತರುಣಿ ರಾಜಧಾನಿಯ ವೈದ್ಯಶಾಲೆಗೆ ಬಂದಳು. ಅಲ್ಲಿನ ವೈದ್ಯರು, "ಅರೆಬೆಂದ ಅನ್ನವನ್ನು ರೋಗಿಗೆ ಬಡಿಸಬಾರದು" ಎಂದರು. ಅವರಲ್ಲಿ ಹಿರಿಯರಾದ ಒಬ್ಬರು ಮಾತ್ರ, "ಕೆಲವು ದಿನ ನನ್ನ ಕೈಕೆಳಗೆ ಇರಲಿ, ನೋಡೋಣ" ಎಂದರು.

ಅವಳ ಪಾಲಿಗೆ ಹೊಟ್ಟೆನೋವಿನ ಒಬ್ಬ ನೇಕಾರ ಬಂದ. ಕಷಾಯ ಕೊಟ್ಟಳು. ಒಂದು ಮಧ್ಯಾಹ್ನ ನೋವು ಥಟ್ಟನೆ ಇಳಿಯಿತು. ನೇಕಾರ ನಕ್ಕು ಗಂಜಿ ಕೇಳಿದ. ಅವನ ಹೆಂಡತಿ ಊರಿಗೆ ಹೊರಡಲು ಗಂಟು ಕಟ್ಟಿದಳು. ನೋವು ಇಳಿದರೆ ರೋಗವೂ ಇಳಿಯಿತೆಂದೇ ತರುಣಿ ಓದಿದ್ದಳು. ಆದರೆ ನೇಕಾರನ ನಾಡಿ ಓಡುತ್ತಿತ್ತು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಅವಳಿಗೆ ಅರ್ಥವಾಗಲಿಲ್ಲ.

ಹಿರಿಯ ವೈದ್ಯರು ಊಟಕ್ಕೆ ಕುಳಿತಿದ್ದರು. "ಇದೂ ತಿಳಿಯದೆ ಬಂದೆಯಾ" ಎಂದು ಅವರು ಕೇಳಿದರೆ ಅಂದೇ ತನ್ನ ಕಲಿಕೆ ಮುಗಿದಂತೆ ಎಂದು ಅವಳಿಗೆ ಭಯ. ಬಾಗಿಲವರೆಗೆ ಹೋಗಿ ಹಿಂದಿರುಗಿದಳು. ಮತ್ತೆ ಹೋದಳು.

"ನೋವು ಹೋಗಿದೆ, ಆದರೆ ಅವನು ಗುಣವಾಗಿಲ್ಲ. ಯಾಕೆಂದು ನನಗೆ ಗೊತ್ತಿಲ್ಲ" ಎಂದಳು.

ಹಿರಿಯರು ಎತ್ತಿದ ತುತ್ತನ್ನು ಎಲೆಯಲ್ಲೇ ಬಿಟ್ಟು ಎದ್ದರು. ಹೊಟ್ಟೆ ಒತ್ತಿ ನೋಡಿದರು. ಒಳಗೆ ಕರುಳು ಒಡೆದು ಕೀವು ಹರಡುತ್ತಿತ್ತು; ಒಡೆದದ್ದರಿಂದಲೇ ನೋವು ಆ ಹೊತ್ತಿಗೆ ಇಳಿದಿತ್ತು. ಆಗಲೇ ಶಸ್ತ್ರ ಹಿಡಿದು ಕೀವು ತೆಗೆದರು. ತರುಣಿ ಪಕ್ಕದಲ್ಲಿ ನಿಂತು ಅವರು ತೋರಿಸಿದ್ದನ್ನೆಲ್ಲ ನೋಡಿದಳು, ಹೇಳಿದ್ದನ್ನೆಲ್ಲ ಮಾಡಿದಳು.

ನೇಕಾರ ಬಹಳ ದಿನ ನರಳಿದ, ಆದರೆ ಬದುಕಿದ. ಹೊರಡುವ ದಿನ ಅವನ ಹೆಂಡತಿ ಹಿರಿಯರ ಕಾಲಿಗೆ ಬಾಗಿದಳು. ಅವರು ಹಿಂದೆ ಸರಿದು ತರುಣಿಯ ಕಡೆ ಕೈ ತೋರಿಸಿದರು. ಆ ಹೆಂಗಸು ತರುಣಿಯ ತಲೆ ನೇವರಿಸಿ, "ನಿನ್ನ ಹೊಟ್ಟೆ ತಣ್ಣಗಿರಲಿ, ತಾಯಿ" ಎಂದಳು. ತರುಣಿಯ ಕಣ್ಣು ತುಂಬಿತು.

"ನೀವು ಎದ್ದು ಬರದಿದ್ದರೆ ನಾನೇನು ಮಾಡುತ್ತಿದ್ದೆ?" ಎಂದಳು ಹಿರಿಯರಿಗೆ.

"ನೀನು ಕರೆಯದಿದ್ದರೆ ನಾನು ಎಲ್ಲಿಗೆ ಬರುತ್ತಿದ್ದೆ, ಮಗಳೇ?" ಎಂದರು ಅವರು. ಉಳಿದ ವೈದ್ಯರನ್ನು ಕರೆದು, ಇವಳ ಉಳಿದ ಓದು ಇಲ್ಲೇ ಆಗಲಿ, ಇಂಥವಳು ಸಿಕ್ಕಿದ್ದು ನಮ್ಮ ಪುಣ್ಯ ಎಂದು ಹೇಳಿದರು.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು. "ತಿಳಿಯಿತು, ಗುರುಗಳೇ. ವರ್ಷ ಎಣಿಸುವುದಿಲ್ಲ. ಗೊತ್ತಿಲ್ಲದಾಗ ಬಂದು ಕರೆಯುವವರನ್ನು ಆರಿಸಿಕೊಳ್ಳುತ್ತೇನೆ" ಎಂದು ಕೈಮುಗಿದು ಎದ್ದ.

ಗುರುಗಳು ಕೇಳಿದರು: "ನಿನ್ನನ್ನು ಕರೆಯಲು ಅವರಿಗೆ ಧೈರ್ಯ ಬರುತ್ತದೆಯೆ?"