ಬೆನ್ನುಕಟ್ಟೆ

ಹಿರೇಗೊಂದಿಯ ಕಣಿವೆದಾರಿಯಲ್ಲಿ, ಬಲಗಡೆಗೆ ಪ್ರಪಾತ ಬಾಯ್ದೆರೆದಿರುವ ಕಡೆ, ಒಂದು ಕಲ್ಲಿನ ಕಟ್ಟೆಯಿದೆ. ಅಲ್ಲಿ ನೆರಳಿಲ್ಲ, ದೇವರೂ ಇಲ್ಲ. ಆದರೂ ಹೆಂಗಸರಿರುವ ಯಾವ ಗಾಡಿಯೂ ಅಲ್ಲಿ ನಿಲ್ಲದೆ ಮುಂದೆ ಹೋಗದು. ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ. ಗಂಡಸರು ತಾವಾಗಿಯೇ ಇಳಿದು ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂರುತ್ತಾರೆ. ಅದಕ್ಕೇ ಅದು ಬೆನ್ನುಕಟ್ಟೆ. ನಗಬೇಡಿ, ಇದು ನಗುವ ಕಥೆಯಲ್ಲ.

ಹಿಂದೆ ಒಮ್ಮೆ, ಪರಂಗಿಯವರ ಕಾಲದಲ್ಲಿ, ಒಬ್ಬ ದೊರೆಯ ಹೆಂಡತಿ ಪಲ್ಲಕ್ಕಿಯಲ್ಲಿ ಗಂಡನ ಠಾಣ್ಯಕ್ಕೆ ಹೊರಟಿದ್ದಳಂತೆ. ಹೊತ್ತವರು ಬೋಯಿಗಳು, ಜೊತೆಗೆ ನಡೆದವನು ದುಭಾಷಿ ಅಪ್ರಮೇಯಯ್ಯ. ಆಕೆಯ ಮಾತು ಬೋಯಿಗಳಿಗೆ ತಿಳಿಯದು, ಅವರ ಮಾತು ಆಕೆಗೆ ತಿಳಿಯದು. ನಡುವೆ ಇದ್ದದ್ದು ಇವನ ನಾಲಿಗೆಯೊಂದೇ. ಹಿಂದಿನ ಬಿಡಾರದ ಊಟ ಒಗ್ಗದೆ ಆಕೆಯ ಹೊಟ್ಟೆ ಕೆಟ್ಟಿತ್ತು. ಪರದೆಯೊಳಗಿನಿಂದ ಇಂಗ್ಲಿಷಿನಲ್ಲಿ, "ಅಯ್ಯಾ, ಎಲ್ಲಾದರೂ ಕೈ ತೊಳೆಯಬಹುದೇ?" ಎಂದಳು. ಅಪ್ರಮೇಯಯ್ಯನಿಗೆ ಅರ್ಥವಾಗದೆ ಇರಲಿಲ್ಲ. ಇಂಗ್ಲಿಷರು ಆ ವಿಷಯವನ್ನು ಹೀಗೇ ಸುತ್ತಿಬಳಸಿ ಹೇಳುತ್ತಾರೆಂದು ಕಚೇರಿಯಲ್ಲೇ ಕಲಿತಿದ್ದ. ಆದರೆ ದೊರೆಸಾನಿಗೆ ಹೊರಕಡೆಗೆ ಹೋಗಬೇಕಂತೆ ಎಂದು ಅಷ್ಟು ಜನ ಗಂಡಸರ ಮುಂದೆ ಹೇಗೆ ಹೇಳುವುದು? ದೊರೆಯ ಕಿವಿಗೆ ಬಿದ್ದರೆ? ನಾಚಿಕೆಯಿಂದ ಅವನ ನಾಲಿಗೆ ಏಳಲಿಲ್ಲ. ಮುಂದಿನ ಬಂಗಲೆ ಸಿಕ್ಕರೆ ಸಾಕೆಂದು "ಬೇಗ ಬೇಗ ನಡೀರೋ" ಎಂದಷ್ಟೇ ಅಂದ. ಪಲ್ಲಕ್ಕಿ ಇನ್ನಷ್ಟು ಕುಲುಕಿತು. "ಪ್ರಕೃತಿ ಕರೆಯುತ್ತಿದೆ, ದಯವಿಟ್ಟು" ಎಂದಳು ಆಕೆ. ಪಾಪ, ಸಂಕಟ ಹೆಚ್ಚಿದಷ್ಟೂ ಅವಳ ಮಾತಿನ ಮರ್ಯಾದೆಯೂ ಹೆಚ್ಚುತ್ತಿತ್ತು. ಇವನು ಬೆವರು ಒರೆಸಿಕೊಂಡು ಬೋಯಿಗಳನ್ನು ಇನ್ನಷ್ಟು ಅವಸರಪಡಿಸಿದ.

ಕೊನೆಗೆ ತಡೆಯಲಾರದೆ ಆಕೆ ಪರದೆ ಸರಿಸಿ ಧುಮುಕಿ, ಬಂಡೆಯ ಮರೆಗೆ ಓಡಿದಳು. ದೊರೆಸಾನಿಗೆ ಏನೋ ಆಯಿತೆಂದು ಬೋಯಿಗಳು ಗಾಬರಿಯಿಂದ ಹಿಂದೆಯೇ ಓಡಿದರು. ನಿಲ್ಲಿ, ಬೆನ್ನು ತಿರುಗಿಸಿ ಎಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಅಪ್ರಮೇಯಯ್ಯ ನಾಚಿ ತಾನೊಬ್ಬನೇ ಬೆನ್ನು ತಿರುಗಿಸಿ ನಿಂತ. ಗಂಡಸರು ಬರುವುದನ್ನು ಕಂಡು ಆಕೆ ಬಟ್ಟೆ ಮುದುಡಿಕೊಂಡು ಹಿಂದೆ ಹಿಂದೆ ಸರಿದಳು. ಹಿಂದೆ ಪ್ರಪಾತ. ಬಿದ್ದ ಸದ್ದು ಕೂಡ ಸರಿಯಾಗಿ ಕೇಳಲಿಲ್ಲವಂತೆ.

ಬೋಯಿಗಳ ಮುಖಂಡ ಚಿಕ್ಕಮಾರ ತಲೆ ಚಚ್ಚಿಕೊಂಡು ಅತ್ತ. "ನಮ್ಗೂ ಅಕ್ಕತಂಗೀರಿಲ್ವಾ ಬುದ್ದೀ? ಒಂದು ಮಾತು ಅಂದಿದ್ರೆ ಇಳಿಸಿ ಅತ್ಲಾಗೆ ಹೋಗ್ತಿರಲಿಲ್ವಾ?" ಆಕೆ ಪಲ್ಲಕ್ಕಿಯಿಂದ ಇಳಿದದ್ದೇಕೆ ಎಂದು ದೊರೆ ಬಂದು ಕೇಳಿದಾಗಲೂ ಅಪ್ರಮೇಯಯ್ಯನ ಬಾಯಿಂದ ನಿಜ ಹೊರಡಲಿಲ್ಲ. "ಹೂ ಕೀಳಲು ಇಳಿದರು, ದೊರೆ" ಎಂದ.

ಆಮೇಲೆ ಚಾಕರಿ ಬಿಟ್ಟು, ಅಲ್ಲೇ ಕಟ್ಟೆ ಕಟ್ಟಿಸಿ ಕೂತನೆನ್ನುತ್ತಾರೆ. ಯಾವ ಪಲ್ಲಕ್ಕಿ ಬಂದರೂ "ಇಳಿಸ್ರೋ! ಹೆಂಗಸರು ಹೊರಕಡೆಗೆ ಹೋಗಿ ಬರಲಿ, ನೀವು ಬೆನ್ನು ತಿರುಗಿಸಿ ಕೂತ್ಕೊಳ್ರೋ!" ಎಂದು ಕಣಿವೆಯೆಲ್ಲ ಮೊಳಗುವಂತೆ ಕೂಗುತ್ತಿದ್ದ. ಸಾಯುವವರೆಗೂ ಕೂಗಿದ.

ದೊರೆ ನೆಡಿಸಿದ ಕಲ್ಲು ಕಟ್ಟೆಯ ಹಿಂದೆ ಇವತ್ತಿಗೂ ಇದೆ. ಹೂ ಕೀಳುವಾಗ ಜಾರಿ ಬಿದ್ದಳೆಂದು ಅದರ ಮೇಲೆ ಇಂಗ್ಲಿಷಿನಲ್ಲಿ ಕೆತ್ತಿದೆ. ಅದನ್ನು ಓದಿದ ಪರಸ್ಥಳದವರು, ಅಯ್ಯೋ, ಹೂವಿನ ಆಸೆಗೆ ಜೀವ ಕಳೆದುಕೊಂಡಳಲ್ಲ ಎಂದು ಮರುಗಿ ಹೂವಿಟ್ಟು ಹೋಗುತ್ತಾರೆ. ಹಿರೇಗೊಂದಿಯ ಹೆಂಗಸರು ಮಾತ್ರ ಅಲ್ಲಿ ಒಂದು ಚೊಂಬು ನೀರಿಡುತ್ತಾರೆ.