ಚಾಪ್ ಮೇಲಿನ ಬಟಾಣಿ

ಗುರು ಎಂದರೆ ಗಡ್ಡ, ಜಪಮಣಿ, ಆಲದ ಮರದ ನೆರಳು ಇರಬೇಕು ಎಂದುಕೊಂಡವರು ಈ ಕಥೆಯ ಮಟ್ಟಿಗೆ ಸ್ವಲ್ಪ ಹೊಂದಿಕೊಳ್ಳಬೇಕು. ಈ ಗುರುವಿಗೆ ಇದ್ದದ್ದು ಒಂದು ಏಪ್ರನ್, ಒಂದು ಒಲೆ. ನದಿ ಮಾತ್ರ ಇತ್ತು, ಅಡುಗೆಮನೆಯ ಕಿಟಕಿಯ ಆಚೆಗೆ.

ಮಲೇಷ್ಯಾದ ಒಂದು ಸಣ್ಣ ಊರು. ಅಲ್ಲಿ ಫು ಮನೆತನದವರ ಕೆಫೆ. ಅವರ ಹಿರಿಯರು ಚೀನಾದ ಹೈನಾನ್ ದ್ವೀಪದಿಂದ ಹಡಗು ಹತ್ತಿ ಬಂದು, ಬ್ರಿಟಿಷ್ ದೊರೆಗಳ ಮನೆಯಲ್ಲಿ ಅಡುಗೆ ಮಾಡಿ, ಆಮೇಲೆ ಸ್ವಂತ ಒಲೆ ಹೂಡಿದವರು. ಹಾಗಾಗಿ ಆ ಕೆಫೆಯಲ್ಲಿ ಕೋಳಿ ಸಾರಿನಲ್ಲಿ ಬೆಂದ ಹೈನಾನ್ ಅನ್ನವೂ ಸಿಗುತ್ತಿತ್ತು, ದೊರೆಗಳ ಚಾಪೂ ಸಿಗುತ್ತಿತ್ತು.

ಚಾಪ್ ಎಂದರೆ ಬಿಸ್ಕತ್ತಿನ ಪುಡಿಯಲ್ಲಿ ಹೊರಳಿಸಿ ಕರಿದ ಕೋಳಿ. ಅದರ ಮೇಲೆ ಟೊಮ್ಯಾಟೊ, ಈರುಳ್ಳಿಯ ಸಾಸ್. ಸಾಸಿನ ತುಂಬ ಹಸಿರು ಬಟಾಣಿ. ಆ ಬಟಾಣಿಗಾಗಿಯೇ ದೋಣಿ ಹತ್ತಿ ಆಚೆ ದಡದಿಂದ ಬರುವವರಿದ್ದರು.

ಒಲೆಯ ಮುಂದೆ ಐವತ್ತೊಂದು ವರ್ಷದಿಂದ ನಿಂತಿದ್ದವರು ಫು ತೆಕ್ ಹಿನ್. ಊರೆಲ್ಲ ಅವರನ್ನು ಸಿಫು ಎನ್ನುತ್ತಿತ್ತು. ಆ ಕಡೆಯವರ ಮಾತಿನಲ್ಲಿ ಹಾಗೆಂದರೆ ಗುರು.

ಶಿಷ್ಯೆ ನಮ್ಮ ದಾವಣಗೆರೆಯವಳು, ಶಾಂಭವಿ. ಸಿಫುವಿನ ಮೊಮ್ಮಗ ಕಿಯಾತ್‌ನನ್ನು ಮದುವೆಯಾಗಿ ಬಂದವಳು. ಇವಳು ಅವರ ಜೊತೆ ಮಾತಾಡುತ್ತಿದ್ದದ್ದು ಅರ್ಧ ಮಲಯ್, ಅರ್ಧ ಇಂಗ್ಲಿಷ್. ನಾನು ಕನ್ನಡದಲ್ಲೇ ಹೇಳಿಬಿಡುತ್ತೇನೆ.

ಅವಳ ತಂದೆಯದು ದಾವಣಗೆರೆಯಲ್ಲಿ ಬೆಣ್ಣೆದೋಸೆ ಹೋಟೆಲು. ಚಿಕ್ಕಂದಿನಲ್ಲಿ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಹಂಚಿನ ಸದ್ದು ಕೇಳುತ್ತಿದ್ದಳು. ಒಳಗೆ ಕರೆದವರಿಲ್ಲ. ಹಂಚು ಅಣ್ಣಂದಿರಿಗೆ ಹೋಯಿತು. ಹೆಣ್ಣುಮಕ್ಕಳು ಹಂಚಿನ ಮುಂದೆ ನಿಲ್ಲುವ ಪದ್ಧತಿ ನಮ್ಮಲ್ಲಿಲ್ಲ ಎಂದು ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ್ದರು.

ಆದ್ದರಿಂದ ಅವಳಿಗೆ ಒಂದು ಒಲೆ ಬೇಕಿತ್ತು. ಬಹಳ ಬೇಕಿತ್ತು.

ತೊಡಕು ಒಂದೇ. ಶಾಂಭವಿ ಲಿಂಗ ಕಟ್ಟಿದವಳು, ಮಾಂಸ ಮುಟ್ಟಿ ಬೇಯಿಸುವ ಮಟ್ಟಕ್ಕೆ ಬಂದಿದ್ದಳೇ ಹೊರತು ಬಾಯಿಗೆ ಹಾಕುವವಳಲ್ಲ. ಕೋಳಿಯ ರಸ ಬೀಳುವ ಸಾಸನ್ನೂ ನಾಲಿಗೆಗೆ ತಾಗಿಸುತ್ತಿರಲಿಲ್ಲ.

ಮೊದಲನೇ ದಿನವೇ ಕೇಳಿದ್ದಳು.

"ರುಚಿ ನೋಡದೆ, ಉಪ್ಪು ಸಾಲದು ಅಂತ ನನಗೆ ಹೇಗೆ ಗೊತ್ತಾಗಬೇಕು, ಸಿಫು?"

ಸಿಫು ಅವಳನ್ನು ಗಿರಾಕಿಗಳ ಮೇಜಿನ ಹತ್ತಿರ ಕರೆದುಕೊಂಡು ಹೋದರು. ಮೇಜಿನ ಮೇಲೆ ಉಪ್ಪಾದ ಕಪ್ಪು ಸಾಸಿನ ಸೀಸೆ ಇತ್ತು, ರುಚಿ ಸಾಲದವರು ಸುರಿದುಕೊಳ್ಳಲಿ ಅಂತ ಇಟ್ಟದ್ದು.

"ಇದು ಎಷ್ಟು ಇಳಿದಿದೆ ನೋಡು."

ಉಪ್ಪು ಹೆಚ್ಚಾದರೆ ಎಂದಳು. ಅವರು ಖಾಲಿಯಾದ ನೀರಿನ ಲೋಟವನ್ನು ಬೆರಳಿನಿಂದ ತಟ್ಟಿದರು.

ಸರಿಯಾಗಿದ್ದರೆ ಎಂದಳು. ಅವರು ಒಂದು ಎಂಜಲು ತಟ್ಟೆ ಎತ್ತಿ ಅವಳ ಕೈಗಿಟ್ಟು, ತೊಳಿ ಎಂದರು. ಯಾರೋ ಬ್ರೆಡ್ಡಿನಿಂದ ಅದನ್ನು ಬಳಿದು ಬಳಿದು ತಿಂದಿದ್ದರು.

"ತೊಳೆಯೋದಕ್ಕೆ ಏನೂ ಇಲ್ಲವಲ್ಲ, ಸಿಫು."

"ಹಾಂ" ಎಂದು ಸಿಫು ಒಲೆಯ ಕಡೆ ಹೋದರು.

ಹೀಗೆ ಮೂರು ವರ್ಷ. ಎಣ್ಣೆ ಕಾದದ್ದನ್ನು ಅವಳು ಕಿವಿಯಿಂದ ಹೇಳುತ್ತಿದ್ದಳು, ಅದು ಹಂಚಿನ ಸದ್ದಿನಿಂದ ಬಂದ ವಿದ್ಯೆ. ಕೋಳಿ ಬೆಂದದ್ದನ್ನು ಬೆರಳಿಂದ ಒತ್ತಿ ಹೇಳುತ್ತಿದ್ದಳು. ಬಟಾಣಿ ಮಾತ್ರ ಪೂರ್ತಿ ಸಿಫುವಿನಿಂದ ಕಲಿತದ್ದು. ಎರಡು ಬೆರಳ ನಡುವೆ ಹಿಸುಕಿದರೆ ಸಿಪ್ಪೆ ಜಾರಬೇಕು, ಕಾಳು ಒಡೆಯಬಾರದು. ಆ ಕ್ಷಣಕ್ಕೆ ಇಳಿಸಬೇಕು, ಆಮೇಲೆ ತಡವಾಯಿತು.

ಆ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಒಲೆ ಹಿಡಿದವರು ಗಿರಾಕಿಯ ಮೇಜಿಗೆ ಕೂರುವಂತಿಲ್ಲ. ದೊರೆಯ ಮನೆಯಲ್ಲಿ ಅಡುಗೆಯವನು ಕೂರುತ್ತಿರಲಿಲ್ಲ, ಆ ಅಭ್ಯಾಸ ಹಾಗೇ ಉಳಿದುಬಂದಿತ್ತು. ಸಿಫುವಿನ ತಂದೆ ಆ ಮೇಜಿಗೆ ಕೂತದ್ದು ಮಗನ ಕೈಗೆ ಒಲೆ ಕೊಟ್ಟ ದಿನವಂತೆ. ಸಿಫು ಊಟ ಮಾಡಿದ್ದನ್ನು ಶಾಂಭವಿ ನೋಡಿದ್ದೆಂದರೆ, ಮೂಲೆಯಲ್ಲಿ ನಿಂತುಕೊಂಡು ಒಂದು ಬಟ್ಟಲು ಗಂಜಿ.

ಈ ವರ್ಷ ಅವರ ಮಂಡಿ ಮಾತು ಕೇಳುವುದನ್ನು ನಿಲ್ಲಿಸಿತು. ಒಲೆ ಯಾರಿಗೆ ಎಂಬ ಮಾತು ಮನೆಯಲ್ಲಿ ಎದ್ದಿತು.

ಸಿಫುವಿನ ತಂಗಿ ಸ್ಯೂ ಲಾನ್ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ಶಾಂಭವಿಗೆ ಚಿಕ್ಕಜ್ಜಿ. ಕೆಟ್ಟವರಲ್ಲ, ಆದರೆ ಮನಸ್ಸಿನಲ್ಲಿದ್ದದ್ದನ್ನು ಅಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ತಿನ್ನದವಳ ಕೈಗೆ ಒಲೆ ಕೊಡುವುದು ಹೇಗೆ ಎಂದು ಎಲ್ಲರ ಎದುರಿಗೇ ಕೇಳಿದರು. ಹೋಟೆಲ್ ಕೆಲಸ ಓದಿ ಬಂದ ತಮ್ಮ ಮೊಮ್ಮಗ ಪಟ್ಟಣದಲ್ಲಿದ್ದಾನೆ, ಅವನನ್ನು ಕರೆಸೋಣ ಎಂದರು.

ಕಿಯಾತ್ ಏನೋ ಹೇಳಹೋದ, ಚಿಕ್ಕಜ್ಜಿ ಕೈಯೆತ್ತಿ ಸುಮ್ಮನಾಗಿಸಿದರು.

ಸಿಫು ಮೇಜಿನ ಕಡೆ ಹೋದರು. ಒಂದು ಸಾಸಿನ ಸೀಸೆ ತಂದು ತಂಗಿಯ ಮುಂದೆ ಇಟ್ಟರು, ಅಷ್ಟೇ.

ಸ್ಯೂ ಲಾನ್‌ಗೆ ಅಣ್ಣನ ಭಾಷೆ ಗೊತ್ತು. ಭಾನುವಾರ ಮಧ್ಯಾಹ್ನದ ಊಟಕ್ಕೆ ಶಾಂಭವಿ ಒಬ್ಬಳೇ ಒಲೆ ನೋಡಿಕೊಳ್ಳಲಿ, ಗಿರಾಕಿಗಳಿಗೆ ವಿಷಯ ತಿಳಿಯಬಾರದು, ಎಂಟು ಮೇಜಿನ ಎಂಟು ಸೀಸೆಗಳನ್ನು ಊಟ ಮುಗಿದ ಮೇಲೆ ನೋಡೋಣ ಎಂದು ತೀರ್ಮಾನವಾಯಿತು. ಇಳಿದಿದ್ದರೆ ಪಟ್ಟಣದ ಮೊಮ್ಮಗ. ಇಳಿಯದಿದ್ದರೆ ಶಾಂಭವಿ.

ಭಾನುವಾರ ಬೆಳಿಗ್ಗೆಯಿಂದ ಶಾಂಭವಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಚಿಕ್ಕಜ್ಜಿ ಎಂಟೂ ಸೀಸೆಗಳನ್ನು ಕುತ್ತಿಗೆಯವರೆಗೆ ತುಂಬಿಸಿ, ಸಾಸಿನ ಮಟ್ಟಕ್ಕೆ ಸರಿಯಾಗಿ ಕೆಂಪು ದಾರ ಕಟ್ಟಿದರು.

ಜನ ಬಂದರು. ಚರ್ಚ್ ಬಿಟ್ಟವರು ಬಂದರು, ದೋಣಿಯವರು ಬಂದರು, ಬಾಗಿಲ ಹೊರಗೂ ಸಾಲು ನಿಂತಿತು. ಎಣ್ಣೆ ಹಾಡುತ್ತಿತ್ತು. ಚಾಪ್ ಹೋದವು, ಅನ್ನ ಹೋಯಿತು, ಮತ್ತೆ ಚಾಪ್ ಹೋದವು. ಶಾಂಭವಿಗೆ ಎಂಟು ಕೈ ಬಂದ ಹಾಗಿತ್ತು. ಹೆದರಿಕೆಗೆ ಸಮಯವೇ ಸಿಗಲಿಲ್ಲ, ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯೇ ಆಗುತ್ತಿತ್ತು. ಸಿಫು ಕಿಟಕಿಯ ಪಕ್ಕ ಕೈಕಟ್ಟಿ ನಿಂತಿದ್ದರು.

ಸಾಸಿನ ಮೊದಲ ಪಾತ್ರೆ ಮುಗಿಯಿತು. ಎರಡನೆಯದು ಕುದಿಯಿತು. ಅದರಿಂದ ಎರಡು ತಟ್ಟೆ ಹೊರಗೆ ಹೋದ ಮೇಲೆ ಅವಳ ಮೂಗಿಗೆ ಏನೋ ಬಡಿಯಿತು.

ಟೊಮ್ಯಾಟೊ ಬೇರೆ ಬುಟ್ಟಿಯದು. ಹುಳಿಯೋ, ಹುಳಿಯ ವಾಸನೆ ಮಾತ್ರವೋ ತಿಳಿಯಲಿಲ್ಲ.

ಹೊರಗೆ ಎಂಟು ಸೀಸೆ, ಎಂಟು ಕೆಂಪು ದಾರ.

ಒಂದು ಚಮಚ ತೆಗೆದುಕೊಂಡು ಸಾಸಿನಲ್ಲಿ ಅದ್ದಿದಳು. ಎಡಗೈಯಿಂದ ಕೊರಳಿನ ಲಿಂಗವನ್ನು ಮುಟ್ಟಿಕೊಂಡಳು.

"ಒಂದ್ಸಲ ಕಣ್ ಮುಚ್ಕೊಂಬಿಡಪ್ಪ ಶಿವನೇ" ಎಂದಳು, ಊರಿನ ಮಾತಿನಲ್ಲಿ.

ಚಮಚ ತುಟಿಯ ಹತ್ತಿರ ಬಂತು.

ಮಂಡಿ ಕೆಟ್ಟ ಮುದುಕರು ಅಷ್ಟು ಬೇಗ ಹೇಗೆ ಬಂದರೋ. ಚಮಚ ಅವಳ ಕೈಯಿಂದ ಹೋಯಿತು, ಕಿಟಕಿಯಿಂದ ಹೋಯಿತು, ನದಿಯಲ್ಲಿ ಡುಬುಕ್ ಎಂದಿತು.

ಶಾಂಭವಿಗೆ ಅಳು ಬಂತು.

"ಇವತ್ತು ಸೋತರೆ ನಾನು ಮತ್ತೆ ಬಾಗಿಲಲ್ಲಿ ನಿಲ್ಲಬೇಕು, ಸಿಫು. ಒಂದು ಹನಿ. ಒಂದೇ ಹನಿ ನೋಡಿದ್ದರೆ ಏನಾಗುತ್ತಿತ್ತು?"

"ತಿನ್ನುವವರು ಆಚೆ ಇದ್ದಾರೆ."

ಅಷ್ಟು ಹೇಳಿ ಸಿಫು ಮತ್ತೆ ಕಿಟಕಿಯ ಪಕ್ಕ ಹೋಗಿ ಕೈಕಟ್ಟಿದರು.

ಅವಳು ಕಣ್ಣೊರೆಸಿಕೊಂಡು, ತಟ್ಟೆ ದಾಟಿಸುವ ಕಿಂಡಿಯಿಂದ ಹೊರಗೆ ನೋಡಿದಳು. ಮೂರನೇ ಮೇಜಿನಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರ್. ಎರಡನೇ ಪಾತ್ರೆಯ ಸಾಸ್ ಹೋಗಿದ್ದು ಅವರ ತಟ್ಟೆಗೆ. ಅವರು ಒಂದು ತುಂಡು ಕತ್ತರಿಸಿ, ಸಾಸಿನಲ್ಲಿ ಹೊರಳಿಸಿ, ಬಾಯಿಗಿಟ್ಟರು.

ಅವರ ಎಡಗಣ್ಣು ಮುಚ್ಚಿತು. ಎಡಗಣ್ಣು ಮಾತ್ರ.

ಹುಳಿ. ಸಂಶಯವೇ ಇಲ್ಲ.

ಅವರ ಕೈ ಸೀಸೆಯ ಕಡೆ ಹೊರಳುತ್ತಿತ್ತು. ಶಾಂಭವಿ ಫ್ರಿಜ್ಜಿನ ಬಾಗಿಲು ಎಳೆದು, ಟೋಸ್ಟಿಗೆಂದು ಇಟ್ಟಿದ್ದ ಬೆಣ್ಣೆಯಿಂದ ಒಂದು ದಪ್ಪ ಮುದ್ದೆ ಕೊಯ್ದು ಪಾತ್ರೆಗೆ ಹಾಕಿದಳು. ಎಷ್ಟು ಹಾಕಬೇಕು ಎಂದು ಯಾರನ್ನೂ ಕೇಳಲಿಲ್ಲ. ಬೆಣ್ಣೆಯ ವಿಷಯದಲ್ಲಿ ದಾವಣಗೆರೆಯವಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೆಂಪು ಸಾಸ್ ಒಂದು ಸುತ್ತು ತಿರುಗಿಸುವಷ್ಟರಲ್ಲಿ ಹೊಳಪಾಯಿತು, ವಾಸನೆ ಮೆತ್ತಗಾಯಿತು.

ಸಿಫುವಿನ ಒಂದು ಹುಬ್ಬು ಮೇಲೇರಿದ್ದನ್ನು ಅವಳು ನೋಡಲಿಲ್ಲ. ಅವಳು ಆಗಲೇ ಸೌಟು ಹಿಡಿದು ಹೊರಗೆ ಓಡಿದ್ದಳು.

ಪೋಸ್ಟ್‌ಮಾಸ್ಟರ್ ಬೆರಳು ಸೀಸೆಗೆ ತಾಗುವ ಮೊದಲೇ ಅವರ ಚಾಪ್ ಮೇಲೆ ಬಿಸಿ ಸಾಸ್ ಬಿತ್ತು. ಪಕ್ಕದ ಮೇಜಿನಲ್ಲಿದ್ದ ಇನ್ನೊಂದು ತಟ್ಟೆಗೂ ಬಿತ್ತು. ಪೋಸ್ಟ್‌ಮಾಸ್ಟರ್ ಕಕ್ಕಾಬಿಕ್ಕಿಯಾಗಿ ಅವಳನ್ನು ನೋಡಿದರು, ತಟ್ಟೆಯನ್ನು ನೋಡಿದರು, ಇನ್ನೊಂದು ತುಂಡು ಬಾಯಿಗಿಟ್ಟರು.

ಈ ಸಲ ಎರಡೂ ಕಣ್ಣು ಮುಚ್ಚಿದವು.

ಶಾಂಭವಿ ನಗುತ್ತ ಒಳಗೆ ಓಡಿದಳು. ಎಣ್ಣೆ ಅವಳನ್ನು ಕರೆಯುತ್ತಿತ್ತು.

ಎರಡೂವರೆಗೆ ಕೊನೆಯ ಗಿರಾಕಿ ಎದ್ದರು. ಚಿಕ್ಕಜ್ಜಿ ಕನ್ನಡಕ ಹಾಕಿಕೊಂಡು ಒಂದನೇ ಮೇಜಿನಿಂದ ಹೊರಟರು. ಶಾಂಭವಿ ಅವರ ಹಿಂದೆ, ಕಿಯಾತ್ ಅವಳ ಹಿಂದೆ.

ಒಂದು, ಎರಡು, ಮೂರು. ಸಾಸು ದಾರದ ಮಟ್ಟದಲ್ಲೇ ಇತ್ತು. ನಾಲ್ಕು, ಐದು. ಇಳಿದಿರಲಿಲ್ಲ.

ಆರನೇ ಮೇಜಿನ ಸೀಸೆ ಅರ್ಧ ಖಾಲಿ.

ಶಾಂಭವಿಯ ಮುಖ ಇಳಿದುಹೋಯಿತು. ಚಿಕ್ಕಜ್ಜಿ ಆ ಸೀಸೆಯನ್ನು ಎತ್ತಿ ನೋಡಿದರು, ಖಾಲಿ ಕುರ್ಚಿಯನ್ನು ನೋಡಿದರು. ಆಮೇಲೆ ಮೆಲ್ಲಗೆ ಗಂಟಲು ಸರಿಮಾಡಿಕೊಂಡರು.

"ಇಲ್ಲಿ ಕೂತಿದ್ದು ನಮ್ಮ ಯಜಮಾನರು. ಅವರು ತಟ್ಟೆ ನೋಡುವುದಕ್ಕೆ ಮೊದಲೇ ಸುರಿದುಕೊಳ್ಳುತ್ತಾರೆ. ಮದುವೆಯ ದಿನ ಪಾಯಸಕ್ಕೂ ಸುರಿದುಕೊಂಡಿದ್ದರು. ಈ ಸೀಸೆ ಬಿಡೋಣ."

ಏಳು, ಎಂಟು. ಇಳಿದಿರಲಿಲ್ಲ.

ಕಿಯಾತ್ ಚಪ್ಪಾಳೆ ತಟ್ಟಿದ. ಶಾಂಭವಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಚಿಕ್ಕಜ್ಜಿ ಅವಳ ಕೆನ್ನೆ ತಟ್ಟಿದರು, ಚೆನ್ನಾಗಿ ಮಾಡಿದೆ ಎಂದರು. ಮನಸ್ಸಿನಿಂದಲೇ ಹೇಳಿದರು. ಆದರೂ ಅವರ ಗಂಟಲಲ್ಲಿ ಒಂದು ಮುಳ್ಳು ಉಳಿದಿತ್ತು, ಅದನ್ನು ಅಣ್ಣನ ಕಡೆ ತಿರುಗಿ ಉಗುಳಿದರು.

"ಸೀಸೆಯ ಮಾತು ಒಪ್ಪಿದೆ. ಆದರೆ ನಾಳೆ ಯಾರಾದರೂ ಕೇಳುತ್ತಾರೆ. ತಾನು ತಿನ್ನದ್ದನ್ನು ಊರಿಗೆಲ್ಲ ಬಡಿಸುವವಳು ಎಂಥ ಅಡುಗೆಯವಳು ಅಂತ. ಏನು ಹೇಳಲಿ ನಾನು?"

ಸಿಫು ಅಡುಗೆಮನೆಯ ಬಾಗಿಲು ದಾಟಿ ಬಂದರು.

ಬೆನ್ನ ಹಿಂದೆ ಕೈ ಹಾಕಿ ಏಪ್ರನ್ನಿನ ಗಂಟು ಬಿಚ್ಚಿದರು. ಮಡಚಿ ಶಾಂಭವಿಯ ಭುಜದ ಮೇಲೆ ಇಟ್ಟರು. ಒಂದೊಂದೇ ಹೆಜ್ಜೆ ಇಡುತ್ತ ಒಂದನೇ ಮೇಜಿನ ಹತ್ತಿರ ಬಂದರು, ಕುರ್ಚಿ ಎಳೆದರು.

ಕೂತರು.

ಐವತ್ತೊಂದು ವರ್ಷದಲ್ಲಿ ಮೊದಲ ಸಲ. ಚಿಕ್ಕಜ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಶಾಂಭವಿ ಏಪ್ರನ್ ಕಟ್ಟಿಕೊಂಡಳು. ಕಣ್ಣು ಮಂಜಾಗಿ ಗಂಟು ಎರಡು ಸಲ ಜಾರಿತು. ಮೇಜಿನ ಮುಂದೆ ಬಂದು ನಿಂತು, ಗಿರಾಕಿಗಳನ್ನು ಕೇಳುವ ಹಾಗೆಯೇ ಕೇಳಿದಳು.

"ಏನು ತರಲಿ, ಸಿಫು?"

ಸಿಫು ಸಾಸಿನ ಸೀಸೆಯನ್ನು ಮೇಜಿನ ಅಂಚಿಗೆ ಸರಿಸಿದರು.

"ಒಂದು ಚಾಪ್. ಬಟಾಣಿ ಬೇಡ, ಅದು ನನಗೆ ಚಿಕ್ಕಂದಿನಿಂದ ಸೇರುವುದಿಲ್ಲ. ಇವತ್ತಿನ ತನಕ ಒಂದು ಕಾಳು ಬಾಯಿಗೆ ಹಾಕಿಲ್ಲ."